ಹಡಗಿನ ಕೊಳೆ ಹೊಳೆಗಲ್ಲ, ದಡಕ್ಕೆ: ರೈನ್ ನದಿಯಿಂದ ಕಾಸರಗೋಡು ಕಲಿಯಬಹುದಾದದ್ದು

ತಿರುವನಂತಪುರದ ಕೋವಳಂನಿಂದ ಕಾಸರಗೋಡಿನ ಬೇಕಲದವರೆಗೆ 616 ಕಿ.ಮೀ. ಉದ್ದದ ಜಲಮಾರ್ಗ ನಿರ್ಮಿಸುವುದು ಕೇರಳ ಸರಕಾರದ ದೊಡ್ಡ ಯೋಜನೆ. ಹಳೆಯ ಕಾಲುವೆ, ಹೊಳೆ, ಹಿನ್ನೀರುಗಳನ್ನು ಒಂದಕ್ಕೊಂದು ಜೋಡಿಸಿ, ಸರಕು ಮತ್ತು ಪ್ರಯಾಣಿಕರ ಬೋಟುಗಳು ರಾಜ್ಯದ ಉದ್ದಕ್ಕೂ ಓಡಾಡುವಂತೆ ಮಾಡುವುದು ಇದರ ಗುರಿ. ಕಾಸರಗೋಡು ಜಿಲ್ಲೆಯಲ್ಲಿ ನೀಲೇಶ್ವರ ಹೊಳೆಯನ್ನು ಚಿತ್ತಾರಿ ಹೊಳೆಗೆ ಜೋಡಿಸುವ ಹೊಸ ಕಾಲುವೆಯ ಪ್ರಸ್ತಾವವೂ ಇದರಲ್ಲಿ ಸೇರಿದೆ.

ಕಾಲುವೆಗೆ ಎಷ್ಟು ಜಾಗ ಬೇಕು, ಯಾರ ಮನೆ ಹೋಗುತ್ತದೆ, ಬಾವಿಗೆ ಉಪ್ಪುನೀರು ಬರುತ್ತದೆಯೇ ಎಂಬ ಪ್ರಶ್ನೆಗಳನ್ನು ಜನ ಸಹಜವಾಗಿಯೇ ಕೇಳುತ್ತಾರೆ. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಬೋಟುಗಳು ಓಡತೊಡಗಿದ ಮೇಲೆ ಅವುಗಳ ಒಳಗೆ ಹುಟ್ಟುವ ಕೊಳೆ ಎಲ್ಲಿಗೆ ಹೋಗುತ್ತದೆ? ಅದನ್ನು ಯಾರು ಒಯ್ಯಬೇಕು? ಖರ್ಚು ಯಾರದು?

ಯುರೋಪಿನ ರೈನ್ ನದಿಯ ದೇಶಗಳು ಈ ಪ್ರಶ್ನೆಗೆ ದಶಕಗಳ ಕಾಲ ತಲೆ ಕೆಡಿಸಿಕೊಂಡು ಒಂದು ಉತ್ತರ ಕಂಡುಕೊಂಡಿವೆ. ಅದರ ಲೆಕ್ಕಾಚಾರ ತಿಳಿದರೆ ನಮ್ಮ ಹಿನ್ನೀರುಗಳಿಗೆ ಏನು ಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಹಡಗಿನಲ್ಲಿ ಹುಟ್ಟುವ ಕೊಳೆ ಯಾವುದು?

ಮೊದಲನೆಯದು ಎಣ್ಣೆ ಕೊಳೆ. ಎಂಜಿನ್ ಇರುವ ಕೋಣೆಯ ತಳದಲ್ಲಿ ಸದಾ ಒಂದಿಷ್ಟು ನೀರು ನಿಲ್ಲುತ್ತದೆ. ಪ್ರೊಪೆಲ್ಲರಿನ ದಂಡ ಹೊರಹೋಗುವ ಸಂದಿಯಿಂದ ಒಸರುವ ನೀರು, ಪೈಪುಗಳಿಂದ ತೊಟ್ಟಿಕ್ಕುವ ನೀರು, ತೊಳೆದ ನೀರು ಎಲ್ಲವೂ ಅಲ್ಲಿಗೇ ಇಳಿಯುತ್ತವೆ. ಜತೆಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಹನಿಗಳೂ ಸೇರುತ್ತವೆ. ಇದಕ್ಕೆ ಬಿಲ್ಜ್ ನೀರು ಎನ್ನುತ್ತಾರೆ. ಅದನ್ನು ಆಗಾಗ ತೆಗೆಯದಿದ್ದರೆ ಹಡಗಿಗೇ ಅಪಾಯ. ಪಂಪ್ ಹಚ್ಚಿ ಹೊಳೆಗೆ ಬಿಡುವುದು ಎಲ್ಲಕ್ಕಿಂತ ಸುಲಭದ ದಾರಿ. ಬದಲಾಯಿಸಿದ ಹಳೆ ಆಯಿಲ್, ಫಿಲ್ಟರ್, ಗ್ರೀಸ್, ಎಣ್ಣೆ ಒರೆಸಿದ ಬಟ್ಟೆಗಳೂ ಇದೇ ಸಾಲಿಗೆ ಸೇರುತ್ತವೆ.

ಎರಡನೆಯದು ಸರಕಿನ ಉಳಿಕೆ. ಕಲ್ಲಿದ್ದಲು, ಗೊಬ್ಬರ, ಅದಿರು, ಧಾನ್ಯ ಏನೇ ತುಂಬಿದರೂ ಇಳಿಸಿದ ನಂತರ ತಳದಲ್ಲಿ ಸ್ವಲ್ಪ ಉಳಿಯುತ್ತದೆ. ಮುಂದಿನ ಸರಕು ತುಂಬುವ ಮೊದಲು ಅದನ್ನು ಗುಡಿಸಬೇಕು, ತೊಳೆಯಬೇಕು. ಆ ತೊಳೆದ ನೀರು ಎಲ್ಲಿಗೆ? ಗೋವಾದ ಮಾಂಡವಿ, ಜುವಾರಿ ನದಿಗಳಲ್ಲಿ ಕಬ್ಬಿಣದ ಅದಿರಿನ ಬಾರ್ಜ್‌ಗಳನ್ನು ಕಂಡವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ.

ಮೂರನೆಯದು ಮನುಷ್ಯರ ಕೊಳೆ. ಶೌಚದ ನೀರು, ಅಡುಗೆಮನೆ ಮತ್ತು ಸ್ನಾನದ ನೀರು, ಊಟದ ಉಳಿಕೆ, ಪ್ಲಾಸ್ಟಿಕ್, ಬಾಟಲಿ, ಹಳೆ ಬ್ಯಾಟರಿ, ಬಣ್ಣದ ಡಬ್ಬಿಗಳು ಇದರಲ್ಲಿ ಬರುತ್ತವೆ. ಸರಕು ಹಡಗಿನಲ್ಲಿ ನಾಲ್ಕೈದು ಜನರಿರಬಹುದು. ಪ್ರವಾಸಿಗಳ ಹಡಗಿನಲ್ಲಿ ನೂರಾರು ಜನ ಇರುತ್ತಾರೆ. ಆದ್ದರಿಂದ ಶೌಚದ ನೀರಿನ ಸಮಸ್ಯೆ ಮುಖ್ಯವಾಗಿ ಪ್ರವಾಸಿ ಹಡಗುಗಳದು.

ಕಡಲಿನ ನಿಯಮ ಹೊಳೆಗೆ ಯಾಕೆ ಸಾಲದು?

ಸಮುದ್ರದ ಹಡಗುಗಳಿಗೆ ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದವಿದೆ. ಅದರಂತೆ ಎಣ್ಣೆ ಬೇರ್ಪಡಿಸುವ ಯಂತ್ರದಲ್ಲಿ ಶೋಧಿಸಿ, ಹತ್ತು ಲಕ್ಷ ಪಾಲಿನಲ್ಲಿ ಎಣ್ಣೆಯ ಅಂಶ 15 ಪಾಲು ಮೀರದಂತೆ ಮಾಡಿದ ನೀರನ್ನು ಷರತ್ತುಗಳಿಗೆ ಒಳಪಟ್ಟು ಕಡಲಿಗೆ ಬಿಡಬಹುದು. ಸಂಸ್ಕರಿಸದ ಶೌಚದ ನೀರನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆ, ಹಡಗು ಸಾಗುತ್ತಿರುವಾಗ ನಿಧಾನವಾಗಿ ಬಿಡಬಹುದು. ಕಡಲು ಆಳ, ವಿಶಾಲ. ಕೊಳೆ ಕರಗಿ ಹರಡುತ್ತದೆ ಎಂಬ ಲೆಕ್ಕ ಇದರ ಹಿಂದಿದೆ.

ಹೊಳೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ದಡದಿಂದ 12 ಮೈಲಿ ದೂರ ಎಂಬುದೇ ಇಲ್ಲ. ಒಂದು ಊರಿನವರು ಬಿಟ್ಟದ್ದನ್ನು ಕೆಳಗಿನ ಊರಿನವರು ಕುಡಿಯಬೇಕು. ಒಂದು ಲೀಟರ್ ಹಳೆ ಎಂಜಿನ್ ಆಯಿಲ್ ಹತ್ತು ಲಕ್ಷ ಲೀಟರ್ ಕುಡಿಯುವ ನೀರನ್ನು ಕೆಡಿಸಬಲ್ಲದು ಎಂದು ಪರಿಸರ ಸಂಸ್ಥೆಗಳು ಎಚ್ಚರಿಸುತ್ತವೆ. ಹೀಗಾಗಿ ಒಳನಾಡಿನ ಜಲಮಾರ್ಗದಲ್ಲಿ ಸರಿಯಾದ ದಾರಿ ಒಂದೇ: ಕೊಳೆಯನ್ನು ಹಡಗಿನಲ್ಲೇ ಹಿಡಿದಿಟ್ಟು ದಡಕ್ಕೆ ಒಪ್ಪಿಸುವುದು.

ರೈನ್ ನದಿಯ ಕತೆ

ಸ್ವಿಟ್ಜರ್ಲೆಂಡಿನ ಆಲ್ಪ್ಸ್‌ನಲ್ಲಿ ಹುಟ್ಟಿ ನೆದರ್ಲೆಂಡ್ಸ್‌ನಲ್ಲಿ ಕಡಲು ಸೇರುವ ರೈನ್ ಸುಮಾರು 1,230 ಕಿ.ಮೀ. ಉದ್ದದ ನದಿ. ಯುರೋಪಿನಲ್ಲಿ ಅತಿ ಹೆಚ್ಚು ಸರಕು ಸಾಗುವ ಜಲಮಾರ್ಗ ಇದು. ಅದೇ ಹೊತ್ತಿಗೆ ಸುಮಾರು 3 ಕೋಟಿ ಜನರ ಕುಡಿಯುವ ನೀರಿಗೂ ಇದೇ ಆಧಾರ. ಈ ನದಿಯ ನೌಕಾಯಾನ ನೋಡಿಕೊಳ್ಳಲು 1815ರ ವಿಯೆನ್ನಾ ಸಮ್ಮೇಳನದಲ್ಲಿಯೇ ಒಂದು ಕೇಂದ್ರ ಆಯೋಗದ ನಿರ್ಧಾರವಾಗಿತ್ತು. ಇಂದಿಗೂ ಅದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದೆ.

1986ರ ನವೆಂಬರ್ 1ರಂದು ಬಾಸೆಲ್ ನಗರದ ಬಳಿ ಸ್ಯಾಂಡೋಸ್ ಕಂಪೆನಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ನಂದಿಸಿದ ನೀರಿನ ಜತೆ ವಿಷ ನದಿಗೆ ಹರಿದು ನೀರು ಕೆಂಪಾಯಿತು, ಮೀನುಗಳು ರಾಶಿ ರಾಶಿಯಾಗಿ ಸತ್ತವು. ಅದು ಹಡಗಿನಿಂದ ಆದದ್ದಲ್ಲ. ಆದರೆ ನದಿ ಒಂದೇ, ಅದರ ಮೇಲಿನ ದೇಶಗಳು ಹಲವು. ಒಬ್ಬರೇ ಸ್ವಚ್ಛವಾಗಿದ್ದರೆ ಸಾಲದು ಎಂಬ ಮಾತು ಎಲ್ಲರಿಗೂ ಮನದಟ್ಟಾಯಿತು.

ಹಡಗಿನ ಕೊಳೆಯ ವಿಷಯದಲ್ಲಿ 1996ರ ಸೆಪ್ಟೆಂಬರ್ 9ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್, ಸ್ವಿಟ್ಜರ್ಲೆಂಡ್ ಎಂಬ ಆರು ದೇಶಗಳು ಇದರಲ್ಲಿವೆ. ಸಿಡಿಎನ್ಐ ಎಂಬುದು ಇದರ ಚುಟುಕು ಹೆಸರು. ಎಲ್ಲ ದೇಶಗಳೂ ಅನುಮೋದಿಸಿ ಅದು ಜಾರಿಗೆ ಬಂದದ್ದು 2009ರ ನವೆಂಬರ್ 1ರಂದು. ಸಹಿಯಿಂದ ಜಾರಿಗೆ 13 ವರ್ಷ ಹಿಡಿಯಿತು. ಬಿಡಬಾರದು ಎಂದು ನಿಯಮ ಬರೆಯುವುದಷ್ಟೇ ಅಲ್ಲ, ಬಿಡದಿದ್ದರೆ ಎಲ್ಲಿ ಕೊಡಬೇಕು, ದುಡ್ಡು ಎಲ್ಲಿಂದ ಎಂಬ ವ್ಯವಸ್ಥೆಯನ್ನು ಆರೂ ದೇಶಗಳಲ್ಲಿ ಕಟ್ಟುವುದು ಅಷ್ಟು ದೊಡ್ಡ ಕೆಲಸ.

ದುಡ್ಡು ಕೊಡುವವರು ಯಾರು?

ಒಪ್ಪಂದದ ಮೂಲತತ್ವ, ಮಲಿನ ಮಾಡುವವನೇ ಖರ್ಚು ಕೊಡಬೇಕು ಎಂಬುದು. ಆದರೆ ಇದನ್ನು ಜಾರಿ ಮಾಡುವಲ್ಲಿ ಒಂದು ತೊಡಕಿದೆ.

ಬಿಲ್ಜ್ ನೀರು ಕೊಡಲು ಬಂದ ಹಡಗಿನಿಂದ, ಇಷ್ಟು ಲೀಟರಿಗೆ ಇಷ್ಟು ಎಂದು ಶುಲ್ಕ ಕೇಳಿದರೆ ಏನಾಗುತ್ತದೆ? ಪ್ರಾಮಾಣಿಕನಿಗೆ ಖರ್ಚು, ರಾತ್ರಿ ಹೊಳೆಗೆ ಬಿಡುವವನಿಗೆ ಉಳಿತಾಯ. ನಿಯಮ ಪಾಲಿಸಿದವನಿಗೇ ದಂಡ ಹಾಕಿದಂತೆ ಆಗುತ್ತದೆ. ಉದ್ದದ ನದಿಯಲ್ಲಿ ಪ್ರತಿ ಬೋಟಿನ ಹಿಂದೆ ಪೊಲೀಸರನ್ನು ನಿಲ್ಲಿಸುವುದೂ ಸಾಧ್ಯವಿಲ್ಲ.

ರೈನ್ ದೇಶಗಳು ಕಂಡುಕೊಂಡ ಉಪಾಯ ಸರಳ. ಎಣ್ಣೆ ಕೊಳೆಯ ಶುಲ್ಕವನ್ನು ಕೊಳೆ ಕೊಡುವಾಗ ತೆಗೆದುಕೊಳ್ಳುವುದಿಲ್ಲ. ಡೀಸೆಲ್ ತುಂಬಿಸುವಾಗಲೇ ತೆಗೆದುಕೊಳ್ಳುತ್ತಾರೆ. 2011ರಲ್ಲಿ ಈ ಪದ್ಧತಿ ಶುರುವಾದಾಗ ಪ್ರತಿ 1,000 ಲೀಟರ್ ಇಂಧನಕ್ಕೆ 7.50 ಯೂರೋ ನಿಗದಿಯಾಗಿತ್ತು. ಅಂದರೆ ಆಗ 20,000 ಲೀಟರ್ ತುಂಬಿಸಿದ ಹಡಗು 150 ಯೂರೋ ಕೊಡಬೇಕಾಗಿತ್ತು. ಇದಕ್ಕಾಗಿ ಪ್ರತಿ ಹಡಗಿಗೆ ಒಂದು ಖಾತೆ, ಒಂದು ಕಾರ್ಡ್. ಇಂಧನ ತುಂಬುವಲ್ಲಿ ಕಾರ್ಡ್ ಉಜ್ಜಿದರೆ ಹಣ ಕಡಿತವಾಗುತ್ತದೆ.

ಆ ಮೇಲೆ ಎಣ್ಣೆ ಕೊಳೆಯನ್ನು ಆರೂ ದೇಶಗಳ ಯಾವುದೇ ಅಧಿಕೃತ ಕೇಂದ್ರದಲ್ಲಿ ಕೊಟ್ಟರೂ ಬೇರೆ ಶುಲ್ಕವಿಲ್ಲ. ದುಡ್ಡು ಮೊದಲೇ ಕೊಟ್ಟಾಗಿದೆ. ಇನ್ನು ಹೊಳೆಗೆ ಬಿಟ್ಟರೆ ಲಾಭವಿಲ್ಲ, ಸಿಕ್ಕಿಬಿದ್ದರೆ ದಂಡ ಮಾತ್ರ. ಹೆಚ್ಚು ಇಂಧನ ಸುಡುವ ಎಂಜಿನ್ ಹೆಚ್ಚು ಎಣ್ಣೆ ಕೊಳೆ ಮಾಡುತ್ತದೆ ಎಂಬುದರಿಂದ ಲೆಕ್ಕವೂ ಬಹುಮಟ್ಟಿಗೆ ನ್ಯಾಯವಾಗಿದೆ.

ಒಂದು ದೇಶದಲ್ಲಿ ಇಂಧನ ಹೆಚ್ಚು ಮಾರಾಟವಾಗಬಹುದು, ಇನ್ನೊಂದರಲ್ಲಿ ಕೊಳೆ ಹೆಚ್ಚು ಸಂಗ್ರಹವಾಗಬಹುದು. ಆಗ ದೇಶ ದೇಶಗಳ ನಡುವೆ ಹಣ ಸರಿದೂಗಿಸಲು ಒಂದು ಅಂತಾರಾಷ್ಟ್ರೀಯ ಸಮಿತಿಯೂ ಇದೆ.

ದಡಕ್ಕೆ ಬರಲು ಸಮಯವಿಲ್ಲದ ಹಡಗುಗಳಿಗಾಗಿ ಕೊಳೆ ಒಯ್ಯುವ ಬೋಟುಗಳೇ ಇವೆ. ಅವು ಸರಕು ಹಡಗಿನ ಪಕ್ಕಕ್ಕೆ ಬಂದು, ಬಿಲ್ಜ್ ನೀರನ್ನು ಪಂಪ್ ಮಾಡಿಕೊಂಡು, ಎಣ್ಣೆ ಬೇರೆ, ನೀರು ಬೇರೆ ಮಾಡುತ್ತವೆ. ಪ್ರತಿ ಬಾರಿ ಕೊಟ್ಟಾಗಲೂ ಹಡಗಿನಲ್ಲಿರುವ ಎಣ್ಣೆ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ತಪಾಸಣೆಗೆ ಬಂದವರು ಆ ಪುಸ್ತಕ ನೋಡುತ್ತಾರೆ. ಬಹಳ ದಿನಗಳಿಂದ ಏನನ್ನೂ ಕೊಡದ ಹಡಗಿನ ತಳ ಒಣಗಿದ್ದರೆ, ಆ ನೀರು ಎಲ್ಲಿ ಹೋಯಿತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಸರಕಿನ ಉಳಿಕೆ ಸರಕಿನವರದು

ಎರಡನೇ ಭಾಗದಲ್ಲಿ ತತ್ವ ಬೇರೆ. ಸರಕಿನ ಉಳಿಕೆ ಹಡಗಿನವರದಲ್ಲ, ಸರಕಿನವರದು. ಕಲ್ಲಿದ್ದಲು, ಧಾನ್ಯದಂಥ ಒಣ ಸರಕಾದರೆ ಅದನ್ನು ಪಡೆದವನು ಹಡಗಿನ ತಳವನ್ನು ಗುಡಿಸಿ ಒಪ್ಪಿಸಬೇಕು. ಕೆಲವು ಸರಕುಗಳಿಗೆ ಗುಡಿಸಿದರೆ ಸಾಕು, ಕೆಲವಕ್ಕೆ ತೊಳೆದು ಆ ನೀರನ್ನು ಕೇಂದ್ರಕ್ಕೆ ಕೊಡಬೇಕು ಎಂದು ಪಟ್ಟಿಯೇ ಇದೆ. ದ್ರವ ಸರಕಿನ ಟ್ಯಾಂಕರ್‌ಗಳಲ್ಲಿ ಈ ಹೊಣೆ ಸಾಗಾಟಕ್ಕೆ ಹಡಗು ಗೊತ್ತು ಮಾಡಿದವನದು. ಇಳಿಸಿದ್ದಕ್ಕೆ ಪ್ರಮಾಣಪತ್ರ ಬರೆಯಬೇಕು. ಅದಿಲ್ಲದೆ ಹಡಗು ಮುಂದೆ ಹೊರಡುವಂತಿಲ್ಲ.

ಇತ್ತೀಚಿನ ಸೇರ್ಪಡೆ ಆವಿಯ ನಿಷೇಧ. ಪೆಟ್ರೋಲ್ ಇಳಿಸಿದ ಮೇಲೂ ಟ್ಯಾಂಕಿನೊಳಗೆ ಅದರ ಆವಿ ತುಂಬಿರುತ್ತದೆ. ಹಿಂದೆ ಹಡಗು ಸಾಗುತ್ತಿರುವಾಗ ಮುಚ್ಚಳ ತೆರೆದು ಅದನ್ನು ಗಾಳಿಗೆ ಬಿಡುತ್ತಿದ್ದರು. ಬೆಂಜೀನ್‌ನಂತಹ ಆವಿ ಕ್ಯಾನ್ಸರ್‌ಗೆ ಕಾರಣವಾಗುತ್ತದೆ. ಅದನ್ನು ಮೊದಲು ಉಸಿರಾಡುವವರು ಹಡಗಿನ ಕೆಲಸಗಾರರೇ, ನಂತರ ದಡದ ಊರಿನವರು. 2017ರಲ್ಲಿ ಒಪ್ಪಿದ ತಿದ್ದುಪಡಿ 2024ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಪೆಟ್ರೋಲ್, ಬೆಂಜೀನ್ ಮೊದಲ ಹಂತದಲ್ಲಿ, ಇತರ ಸರಕುಗಳು ಮುಂದಿನ ಹಂತಗಳಲ್ಲಿ ಇದಕ್ಕೆ ಒಳಪಡುತ್ತವೆ. ಒಂದೇ ಬಗೆಯ ಸರಕನ್ನೇ ಮತ್ತೆ ಮತ್ತೆ ತುಂಬಿದರೆ ಟ್ಯಾಂಕ್ ಖಾಲಿ ಮಾಡುವ ಅಗತ್ಯವೇ ಬೀಳುವುದಿಲ್ಲ ಎಂಬುದು ಇದಕ್ಕಿರುವ ಸುಲಭ ಪರಿಹಾರ.

ಮೂರನೇ ಭಾಗ ಮನೆಕಸ ಮತ್ತು ಶೌಚದ ನೀರಿನದು. ಬಂದರುಗಳು ಮನೆಕಸಕ್ಕೆ ಬೇರೆ ಶುಲ್ಕ ಕೇಳುವುದಿಲ್ಲ. ಖರ್ಚು ಬಂದರಿನ ಇತರ ಶುಲ್ಕಗಳಲ್ಲೇ ಸೇರಿರುತ್ತದೆ. ಇಲ್ಲಿಯೂ ಅದೇ ಯುಕ್ತಿ. ಪ್ರವಾಸಿ ಹಡಗುಗಳು ಶೌಚದ ನೀರನ್ನು ಟ್ಯಾಂಕಿನಲ್ಲಿ ಹಿಡಿದಿಟ್ಟು ದಡಕ್ಕೆ ಕೊಡಬೇಕು, ಇಲ್ಲವೇ ಹಡಗಿನಲ್ಲೇ ಶುದ್ಧೀಕರಿಸುವ ಯಂತ್ರ ಇಡಬೇಕು. ಮೊದಲು ಈ ನಿಯಮ 50ಕ್ಕಿಂತ ಹೆಚ್ಚು ಪ್ರವಾಸಿಗಳ ಹಡಗುಗಳಿಗೆ ಅನ್ವಯವಾಗುತ್ತಿತ್ತು. ಬಳಿಕ ಅದನ್ನು ಸಣ್ಣ ಪ್ರವಾಸಿ ಹಡಗುಗಳಿಗೂ ವಿಸ್ತರಿಸುವ ತೀರ್ಮಾನವಾಯಿತು.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಒಳನಾಡಿನ ಹಡಗುಗಳಿಗೆ 1917ರ ಕಾಯಿದೆಯೇ ಒಂದು ಶತಮಾನ ಕಾಲ ಆಧಾರವಾಗಿತ್ತು. 2016ರ ರಾಷ್ಟ್ರೀಯ ಜಲಮಾರ್ಗ ಕಾಯಿದೆ ದೇಶದ ರಾಷ್ಟ್ರೀಯ ಜಲಮಾರ್ಗಗಳ ಸಂಖ್ಯೆಯನ್ನು 5ರಿಂದ 111ಕ್ಕೆ ಏರಿಸಿತು. ಕರ್ನಾಟಕದ ನೇತ್ರಾವತಿ, ಗುರುಪುರ, ಶರಾವತಿ, ಕಾಳಿ ನದಿಗಳ ಭಾಗಗಳೂ, ಗೋವಾದ ಮಾಂಡವಿ, ಜುವಾರಿಗಳೂ ಆ ಪಟ್ಟಿಯಲ್ಲಿವೆ. ಕೇರಳದ ಕೊಲ್ಲಂ-ಕೊಟ್ಟಪ್ಪುರಂ ಮಾರ್ಗ 1993ರಲ್ಲಿಯೇ ಮೂರನೇ ರಾಷ್ಟ್ರೀಯ ಜಲಮಾರ್ಗವಾಗಿತ್ತು. 2016ರಲ್ಲಿ ಅದನ್ನು ಕೋಝಿಕ್ಕೋಡಿನವರೆಗೆ ವಿಸ್ತರಿಸಲಾಯಿತು.

ಹಳೆಯ ಕಾನೂನಿನ ಜಾಗಕ್ಕೆ 2021ರ ಒಳನಾಡು ಹಡಗು ಕಾಯಿದೆ ಬಂತು. ಎಣ್ಣೆ, ಎಣ್ಣೆ ಬೆರೆತ ನೀರು, ಅಪಾಯಕಾರಿ ರಾಸಾಯನಿಕ, ಶೌಚದ ನೀರು ಮೊದಲಾದವನ್ನು ನೀರಿಗೆ ಬಿಡಬಾರದು ಎಂದು ಅದು ಹೇಳುತ್ತದೆ. ಯಂತ್ರಚಾಲಿತ ಹಡಗುಗಳಿಗೆ ಮಾಲಿನ್ಯ ತಡೆ ಪ್ರಮಾಣಪತ್ರದ ವ್ಯವಸ್ಥೆಯೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಸರಕು ಮತ್ತು ಪ್ರಯಾಣಿಕರ ಟರ್ಮಿನಲ್‌ಗಳ ಮಾಲೀಕರು ಅಥವಾ ನಡೆಸುವವರು ಈ ಕೊಳೆಯನ್ನು ಪಡೆಯುವ ವ್ಯವಸ್ಥೆ ಮಾಡಬೇಕು ಎಂಬ ಹೊಣೆಯನ್ನು ಕಾಯಿದೆ ಹೊರಿಸಿದೆ. ಅದಕ್ಕೆ ಅವರು ಶುಲ್ಕ ಪಡೆಯಬಹುದು.

ರೈನ್ ಪದ್ಧತಿಗೂ ನಮ್ಮ ಕಾಯಿದೆಗೂ ವ್ಯತ್ಯಾಸ ಇರುವುದು ಇಲ್ಲಿಯೇ. ಶುಲ್ಕವನ್ನು ಕೊಳೆ ಕೊಡುವ ಹೊತ್ತಿಗೆ ಕೇಳಿದರೆ ಹಿಂದೆ ಹೇಳಿದ ತೊಡಕು ಎದುರಾಗುತ್ತದೆ. ಬೋಟಿನ ವಾರ್ಷಿಕ ಪರವಾನಗಿ ಶುಲ್ಕದಲ್ಲಿ ಅಥವಾ ಜೆಟ್ಟಿ ಬಾಡಿಗೆಯಲ್ಲಿ ಅದನ್ನು ಮೊದಲೇ ಸೇರಿಸಿದರೆ, ಕೊಳೆ ದಡಕ್ಕೆ ತರಲು ಬೋಟಿನವರಿಗೆ ಅಡ್ಡಿ ಇರುವುದಿಲ್ಲ.

ದಡ ಮುಟ್ಟಿದ ಹಳೆ ಆಯಿಲ್‌ಗೆ ನಮ್ಮಲ್ಲಿ ದಾರಿ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅದು ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಕ ಕಂಪೆನಿಗಳ ಮೇಲೂ ಹಳೆ ಆಯಿಲ್ ಮರುಬಳಕೆಯ ಹೊಣೆ ಬಂದಿದೆ. ಅಂದರೆ ದಡದಲ್ಲಿ ಸಂಗ್ರಹಿಸಿದ ಎಣ್ಣೆ ಮಾರಾಟಕ್ಕಿರುವ ವಸ್ತು. ಕೊಂಡಿ ತಪ್ಪಿರುವುದು ಬೋಟಿನಿಂದ ದಡದವರೆಗೆ.

ವೇಂಬನಾಡು ಕೊಟ್ಟ ಪಾಠ

ಕೇರಳದಲ್ಲಿ ಈ ಸಮಸ್ಯೆ ಎದ್ದು ಕಾಣುವುದು ಆಲಪ್ಪುಳ ಮತ್ತು ಕೋಟ್ಟಯಂ ಭಾಗದ ವೇಂಬನಾಡು ಹಿನ್ನೀರಿನಲ್ಲಿ. ಒಂದು ಕಾಲದಲ್ಲಿ ಅಕ್ಕಿ, ತೆಂಗು ಸಾಗಿಸುತ್ತಿದ್ದ ಕೆಟ್ಟುವಳ್ಳಂಗಳು ಅಲ್ಲಿ ಪ್ರವಾಸಿಗಳ ಹೌಸ್‌ಬೋಟ್ ಆದವು. ಮೊಳೆ ಹೊಡೆಯದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಕಟ್ಟಿ ಮಾಡಿದ್ದರಿಂದ ಆ ಹೆಸರು. ನಮ್ಮ ‘ಕಟ್ಟು’ ಮತ್ತು ಮಲಯಾಳದ ‘ಕೆಟ್ಟು’ ಒಂದೇ. ಹಿಂದಿನ ದೋಣಿಯಲ್ಲಿ ಎಂಜಿನ್ ಇರಲಿಲ್ಲ, ಮಲಗುವ ಕೋಣೆ, ಶೌಚಾಲಯಗಳೂ ಇರಲಿಲ್ಲ. ಈಗ ಎಲ್ಲವೂ ಇದೆ.

ವೇಂಬನಾಡು 2002ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಗಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಕುಟ್ಟನಾಡಿನ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ 1970ರ ದಶಕದಲ್ಲಿ ತಣ್ಣೀರ್ಮುಕ್ಕಂನಲ್ಲಿ ಕಟ್ಟಿದ ತಡೆಗೋಡೆಯ ಬಾಗಿಲುಗಳನ್ನು ಬೇಸಗೆಯ ತಿಂಗಳುಗಳಲ್ಲಿ ಮುಚ್ಚುತ್ತಾರೆ. ಆಗ ಉಬ್ಬರ ಇಳಿತದ ನೀರು ಒಳಗೆ ಹೋಗಿ ಬರುವುದು ನಿಂತು, ಬಿದ್ದ ಕೊಳೆ ಅಲ್ಲಿಯೇ ಉಳಿಯುತ್ತದೆ. ಪ್ರವಾಸಿಗಳು ಹೆಚ್ಚು ಬರುವುದೂ ಅದೇ ತಿಂಗಳುಗಳಲ್ಲಿ.

ಆಲಪ್ಪುಳದ ಕುಪ್ಪಪ್ಪುರದಲ್ಲಿ ಹೌಸ್‌ಬೋಟ್‌ಗಳ ಶೌಚದ ನೀರು ಪಡೆದು ಶುದ್ಧೀಕರಿಸುವ ಘಟಕ ಸ್ಥಾಪಿಸಲಾಯಿತು. ಆದರೆ ನೂರಾರು ಬೋಟುಗಳು ಹರಡಿಕೊಂಡಿರುವ ವಿಶಾಲ ಹಿನ್ನೀರಿನಲ್ಲಿ, ಬೋಟುಗಳು ಬಂದ ಮೇಲೆ ಘಟಕ ಹುಡುಕುವುದಕ್ಕಿಂತ ಘಟಕ ಇಟ್ಟು ಬೋಟು ಇಳಿಸುವುದು ಜಾಣತನ. ಕಾಸರಗೋಡಿಗೆ ಆ ಅವಕಾಶ ಇನ್ನೂ ಇದೆ.

ವಲಿಯಪರಂಬದ ಪಚ್ಚಿಲೆ

ಕಾಸರಗೋಡು ಜಿಲ್ಲೆಯ ತೆಂಕು ತುದಿಯಲ್ಲಿ ತೇಜಸ್ವಿನಿ ಮತ್ತಿತರ ಹೊಳೆಗಳು ಸೇರುವ ವಲಿಯಪರಂಬ ಹಿನ್ನೀರು ಇದೆ. ಹೌಸ್‌ಬೋಟ್‌ಗಳು ಇಲ್ಲಿಯೂ ಓಡುತ್ತವೆ. ಇದೇ ನೀರಿನಲ್ಲಿ ಪಡನ್ನ, ಚೆರುವತ್ತೂರು, ವಲಿಯಪರಂಬ ಭಾಗದ ಜನ ಪಚ್ಚಿಲೆ ಕೃಷಿ ಮಾಡುತ್ತಾರೆ. ಮಲಯಾಳದಲ್ಲಿ ಇದನ್ನು ಕಲ್ಲುಮ್ಮಕಾಯ ಎನ್ನುತ್ತಾರೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ತಂತ್ರಜ್ಞಾನದಿಂದ 1990ರ ದಶಕದ ಕೊನೆಯಲ್ಲಿ ಇದು ಇಲ್ಲಿ ಬೇರೂರಿತು. ಮಹಿಳೆಯರ ಸ್ವಸಹಾಯ ಗುಂಪುಗಳಿಗೆ ಇದು ಒಳ್ಳೆಯ ಆದಾಯ ತಂದಿತು.

ಬಿದಿರಿನ ಚಪ್ಪರದಿಂದ ಹಗ್ಗಗಳನ್ನು ನೀರಿಗೆ ಇಳಿಬಿಟ್ಟು, ಅದಕ್ಕೆ ಮರಿ ಪಚ್ಚಿಲೆಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟುತ್ತಾರೆ. ಮಳೆ ಮುಗಿದು ನೀರು ಉಪ್ಪಾದ ಮೇಲೆ ಕೆಲಸ ಶುರು. ಮುಂದಿನ ಮಳೆಗೆ ಮೊದಲು ಕೊಯ್ಲು. ಪಚ್ಚಿಲೆಗೆ ಬೇರೆ ಮೇವು ಹಾಕಬೇಕಿಲ್ಲ. ಅದು ಗಂಟೆಗೆ ಲೀಟರ್‌ಗಟ್ಟಲೆ ನೀರನ್ನು ತನ್ನೊಳಗೆ ಸೋಸಿ, ಅದರಲ್ಲಿರುವ ಸೂಕ್ಷ್ಮ ಕಣಗಳನ್ನೇ ತಿಂದು ಬೆಳೆಯುತ್ತದೆ.

ಇದೇ ಗುಣ ಅಪಾಯಕ್ಕೂ ಕಾರಣ. ನೀರಿನಲ್ಲಿ ಶೌಚದ ರೋಗಾಣುಗಳಿದ್ದರೆ ಅವೂ ಅದರೊಳಗೆ ಸೇರಿಕೊಳ್ಳುತ್ತವೆ. ಡೀಸೆಲ್ ಅಂಶವಿದ್ದರೆ ಮಾಂಸಕ್ಕೆ ವಾಸನೆ ಹಿಡಿಯುತ್ತದೆ. ಮೀನಾದರೆ ಈಜಿ ದೂರ ಹೋದೀತು. ಹಗ್ಗಕ್ಕೆ ಅಂಟಿದ ಪಚ್ಚಿಲೆ ಎಲ್ಲಿಗೆ ಹೋಗಬೇಕು? ಪಚ್ಚಿಲೆ ಬೆಳೆಯುವ ತಿಂಗಳುಗಳೂ ಪ್ರವಾಸಿ ಬೋಟುಗಳು ಹೆಚ್ಚು ಓಡುವ ತಿಂಗಳುಗಳೂ ಒಂದೇ. ಆ ದಿನಗಳಲ್ಲಿ ಹೊಳೆಗಳಲ್ಲಿ ಸಿಹಿನೀರಿನ ಹರಿವೂ ಕಡಿಮೆ.

ಏನು ಮಾಡಬಹುದು?

ರೈನ್‌ನಷ್ಟು ದೊಡ್ಡ ವ್ಯವಸ್ಥೆ ಇಲ್ಲಿ ಬೇಕಿಲ್ಲ. ಕೆಲವು ಸರಳ ಕೆಲಸಗಳು ಸಾಕು.

ಒಂದು, ಹೊಸ ಜೆಟ್ಟಿ ಕಟ್ಟುವಾಗಲೇ ಶೌಚದ ನೀರು ಎಳೆದುಕೊಳ್ಳುವ ಪಂಪ್, ಬಿಲ್ಜ್ ನೀರಿಗೆ ಒಂದು ಟ್ಯಾಂಕ್, ಹಳೆ ಆಯಿಲ್‌ಗೆ ಮುಚ್ಚಿದ ಡ್ರಮ್, ಒಣ ಕಸಕ್ಕೆ ತೊಟ್ಟಿ ಇರುವಂತೆ ನಕ್ಷೆಯಲ್ಲೇ ಸೇರಿಸುವುದು.

ಎರಡು, ಕೊಳೆ ಕೊಡಲು ಬಂದಾಗ ಶುಲ್ಕ ಕೇಳದಿರುವುದು. ಅದನ್ನು ಪರವಾನಗಿ ಅಥವಾ ಜೆಟ್ಟಿ ಬಾಡಿಗೆಯಲ್ಲಿ ಮೊದಲೇ ಪಡೆಯುವುದು.

ಮೂರು, ಪ್ರತಿ ಬೋಟಿಗೂ ಒಂದು ದಾಖಲೆ ಪುಸ್ತಕ. ಎಷ್ಟು ಕೊಟ್ಟರು, ಎಂದು ಕೊಟ್ಟರು ಎಂಬ ಬರಹವಿದ್ದರೆ ಪರವಾನಗಿ ನವೀಕರಣದ ವೇಳೆ ಅಧಿಕಾರಿಗಳಿಗೆ ಬೇರೆ ಸಾಕ್ಷಿ ಬೇಡ.

ನಾಲ್ಕು, ಕೊಳೆ ಹುಟ್ಟದಂತೆಯೇ ಮಾಡುವುದು. ವೇಂಬನಾಡಿನ ವೈಕಂ-ತವಣಕ್ಕಡವು ನಡುವೆ 2017ರ ಜನವರಿಯಲ್ಲಿ ಓಡತೊಡಗಿದ ‘ಆದಿತ್ಯ’ ದೇಶದ ಮೊದಲ ಸೌರಶಕ್ತಿ ಪ್ರಯಾಣಿಕ ಬೋಟು. ಕೊಚ್ಚಿಯ ವಾಟರ್ ಮೆಟ್ರೊ 2023ರ ಏಪ್ರಿಲ್‌ನಲ್ಲಿ ವಿದ್ಯುತ್ ಬೋಟುಗಳೊಂದಿಗೆ ಆರಂಭವಾಯಿತು. ಬ್ಯಾಟರಿಯ ಬಲದಲ್ಲಿ ಓಡುವಾಗ ಡೀಸೆಲ್ ಸೋರುವ ಪ್ರಶ್ನೆಯಿಲ್ಲ, ಬದಲಾಯಿಸುವ ಎಂಜಿನ್ ಆಯಿಲ್ ಕೂಡ ಇಲ್ಲವೆನ್ನುವಷ್ಟು ಕಡಿಮೆ. ಶೌಚದ ನೀರಿನ ಸಮಸ್ಯೆ ಮಾತ್ರ ಹಾಗೆಯೇ ಉಳಿಯುತ್ತದೆ. ಅದಕ್ಕೆ ದಡದ ವ್ಯವಸ್ಥೆ ಬೇಕೇ ಬೇಕು.

ಜಲಮಾರ್ಗ ಬಂದರೆ ರಸ್ತೆಯ ಲಾರಿಗಳು ಕಡಿಮೆಯಾಗುತ್ತವೆ, ಇಂಧನ ಉಳಿಯುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ರಸ್ತೆಯಲ್ಲಿ ಸೋರಿದ ಎಣ್ಣೆ ಕಣ್ಣಿಗೆ ಬೀಳುತ್ತದೆ, ನೀರಿನಲ್ಲಿ ಬಿಟ್ಟದ್ದು ಕ್ಷಣದಲ್ಲಿ ಮರೆಯಾಗುತ್ತದೆ. ಅದು ಮತ್ತೆ ಕಾಣಿಸಿಕೊಳ್ಳುವುದು ಬಲೆಯಲ್ಲಿ, ಬಾವಿಯಲ್ಲಿ, ಪಚ್ಚಿಲೆಯ ಹಗ್ಗದಲ್ಲಿ. ಕಾಲುವೆಯ ಅಗಲ, ಆಳಗಳ ಬಗ್ಗೆ ಗ್ರಾಮಸಭೆಗಳಲ್ಲಿ ಚರ್ಚೆ ನಡೆಯುವಾಗ ಜೆಟ್ಟಿಯಲ್ಲಿ ಕೊಳೆ ಪಡೆಯುವ ಪಂಪ್ ಎಲ್ಲಿ ಎಂದು ಕೇಳುವ ಹಕ್ಕು ಹಿನ್ನೀರಿನ ದಡದ ಪ್ರತಿಯೊಬ್ಬರಿಗೂ ಇದೆ. ಅಂಥ ವ್ಯವಸ್ಥೆ ಇರಬೇಕೆಂದು 2021ರ ಕಾಯಿದೆಯೇ ಹೇಳುತ್ತದೆ.